ವೇಷ ಮತ್ತು ಮನುಷ್ಯ: ನಟ ಅಲೆಕ್ ಗಿನ್ನೆಸ್

(ಶತಮಾನೋತ್ಸವದ ನಾಟಕ ಮಂಡಳಿಯನ್ನು ಉದ್ದೇಶಿಸಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ದೇವಾಲಯದ ನೂರನೆಯ ವರ್ಷದ ಸಂಭ್ರಮದಲ್ಲಿ ನೀವು ರಂಗವೇರಲು ಸಿದ್ಧರಾಗುತ್ತಿದ್ದೀರಿ. ಈ ಸಂದರ್ಭದಲ್ಲಿ ಇಂಗ್ಲೆಂಡಿನ ಮಹಾನಟ ಸರ್ ಅಲೆಕ್ ಗಿನ್ನೆಸ್ ಅವರನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

1914ರಲ್ಲಿ ಲಂಡನ್ನಿನಲ್ಲಿ ಜನಿಸಿದ ಅವರಿಗೆ ತಂದೆ ಯಾರೆಂಬುದು ಖಚಿತವಾಗಿ ತಿಳಿಯಲೇ ಇಲ್ಲ. ಜಾಹೀರಾತು ಕಚೇರಿಯಲ್ಲಿ ಬರೆಯುವ ಕೆಲಸ ಮಾಡಿಕೊಂಡು ಜೀವನ ಸಾಗಿಸಿದ ಬಡ ಯುವಕ. 1934ರಲ್ಲಿ ಪ್ರಖ್ಯಾತ ನಟ ಜಾನ್ ಗೀಲ್ಗುಡ್ ತಮ್ಮ ‘ಹ್ಯಾಮ್ಲೆಟ್’ ಪ್ರಯೋಗದಲ್ಲಿ ಒಂದು ಸಣ್ಣ ಪಾತ್ರ ಕೊಟ್ಟರು. ನಾಲ್ಕೇ ವರ್ಷಗಳಲ್ಲಿ ಓಲ್ಡ್ ವಿಕ್ ಮಂಡಳಿಯಲ್ಲಿ ಹ್ಯಾಮ್ಲೆಟ್ ಪಾತ್ರವೇ ಅವರದಾಯಿತು. ಯುದ್ಧಕಾಲದಲ್ಲಿ ನೌಕಾದಳದ ಸೇವೆ. ಬಳಿಕ ಮತ್ತೆ ರಂಗಭೂಮಿ. 1951ರಲ್ಲಿ ಹ್ಯಾಮ್ಲೆಟ್ ನಾಟಕವನ್ನು ಪುನಃ ಆಡಿ ತೀವ್ರವಾಗಿ ಸೋತದ್ದೂ ಉಂಟು. ‘ಡಿಲನ್’ ನಾಟಕಕ್ಕಾಗಿ 1964ರಲ್ಲಿ ಅಮೆರಿಕದ ಟೋನಿ ಪ್ರಶಸ್ತಿ ದೊರೆಯಿತು. ಚಲನಚಿತ್ರಕ್ಕೆ ಬಂದ ಆಸ್ಕರ್ ವಿಚಾರ ಹಲವರಿಗೆ ತಿಳಿದದ್ದೇ.

ನಾನು ವಿಸ್ತರಿಸಿ ಹೇಳಬೇಕೆಂದಿರುವುದು ಬೇರೊಂದು ಘಟನೆ. 1954ರಲ್ಲಿ ತೆರೆಕಂಡ ‘ಫಾದರ್ ಬ್ರೌನ್’ ಚಿತ್ರದ ಚಿತ್ರೀಕರಣ ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದಲ್ಲಿ ನಡೆದಿತ್ತು. ಗಿನ್ನೆಸ್ ಆಗ ಕಥೋಲಿಕರಲ್ಲ. ಯಾಜಕರೆಂದರೆ ಅವರಿಗೆ ಸಂಶಯವೇ ಹೆಚ್ಚು. ಒಂದು ಸಂಜೆ ಯಾಜಕನ ಕರಿಯ ನಿಲುವಂಗಿಯನ್ನು ಕಳಚದೆ ಬಿಡಾರದ ಕಡೆಗೆ ನಡೆದುಹೋಗುತ್ತಿದ್ದರು. ಏಳೆಂಟು ವರ್ಷದ ಹುಡುಗನೊಬ್ಬ ಓಡಿಬಂದು ಅವರ ಕೈ ಹಿಡಿದು, ತನ್ನ ಭಾಷೆಯಲ್ಲಿ ಏನೇನೋ ಹರಟುತ್ತಾ ಜೊತೆಗೆ ನಡೆದ. ತಮ್ಮ ಫ್ರೆಂಚ್ ಮಾತು ಕೇಳಿ ಮಗು ಹೆದರೀತೆಂದು ಇವರು ಬಾಯಿ ತೆರೆಯಲಿಲ್ಲ. ಕೊನೆಗೆ ಹುಡುಗ ವಂದನೆ ಹೇಳಿ ಬೇಲಿಯ ಸಂದಿನಲ್ಲಿ ನುಸುಳಿ ಮರೆಯಾದ. ಗುರುತೇ ಇಲ್ಲದ ಒಬ್ಬ ಯಾಜಕನಲ್ಲಿ ಮಗುವಿಗೆ ಇಷ್ಟು ನಂಬಿಕೆ ಹುಟ್ಟಿಸಿದ ಧರ್ಮಸಭೆಯ ವಿಷಯದಲ್ಲಿ ತಮ್ಮ ಪೂರ್ವಗ್ರಹ ಸರಿಯೇ ಎಂಬ ಚಿಂತೆ ಅವರಲ್ಲಿ ಮೊಳೆಯಿತು.

ಆ ಮಗು ನಂಬಿದ್ದು ನಟನನ್ನಲ್ಲ, ನಿಲುವಂಗಿಯನ್ನು. ಇದೇ ನಂಬಿಕೆಗೆ ನಿಜವಾದ ಯಾಜಕರಿಂದಲೇ ದ್ರೋಹವಾದ ಸಂಗತಿಗಳನ್ನು ಹಲವು ದೇಶಗಳಿಂದ ಕೇಳಿದ್ದೇವೆ. ವರ್ಷಾನುಗಟ್ಟಲೆ ಈ ಉಡುಪು ತೊಟ್ಟಿರುವ ನನಗೆ ಈ ಕಥೆಯನ್ನು ಕೇವಲ ಸಂತೋಷದಿಂದ ಹೇಳಲಾಗುವುದಿಲ್ಲ.

ಸುಮಾರು ಅದೇ ವರ್ಷಗಳಲ್ಲಿ ಅವರ ಏಕಮಾತ್ರ ಪುತ್ರ ಮ್ಯಾಥ್ಯೂ ಪೋಲಿಯೋ ಪೀಡಿತನಾದ. ತಂದೆ ಒಂದು ಕಥೋಲಿಕ ದೇವಾಲಯಕ್ಕೆ ಹೋಗಿ ಕುಳಿತು, ಮಗ ಗುಣಹೊಂದಿ ಮುಂದೆ ಕಥೋಲಿಕನಾಗಬಯಸಿದರೆ ಅಡ್ಡಿಪಡಿಸುವುದಿಲ್ಲವೆಂದು ದೇವರೊಡನೆ ಒಪ್ಪಂದ ಮಾಡಿಕೊಂಡರು. ದೇವರೊಡನೆ ಚೌಕಾಸಿ! ನಮ್ಮ ತಾಯಂದಿರ ಹರಕೆಗಳೂ ಹೀಗೆಯೇ ಅಲ್ಲವೇ? ಮಗ ಗುಣಹೊಂದಿದ, ಮುಂದೆ ಕಥೋಲಿಕನಾದ. 1956ರಲ್ಲಿ ತಂದೆಯೂ ಧರ್ಮಸಭೆಯನ್ನು ಸೇರಿದರು. ಮರುವರ್ಷ ಅವರು ಚಿತ್ರೀಕರಣಕ್ಕೆಂದು ಸಿಂಹಳದಲ್ಲಿದ್ದಾಗ ಪತ್ನಿಯೂ ಸೇರಿದರು.

ದೂರದರ್ಶನದ ಕೀರ್ತಿ ಬಂದದ್ದು ಅರವತ್ತೈದರ ವಯಸ್ಸಿನಲ್ಲಿ. 1979ರಲ್ಲಿ ಬಿಬಿಸಿ ಏಳು ಕಂತುಗಳಲ್ಲಿ ಬಿತ್ತರಿಸಿದ ‘ಟಿಂಕರ್ ಟೈಲರ್ ಸೋಲ್ಜರ್ ಸ್ಪೈ’ ಕಥೆಯಲ್ಲಿ ಅವರು ಜಾರ್ಜ್ ಸ್ಮೈಲಿ ಎಂಬ ಗುಪ್ತಚರ. ಪಾತ್ರಕ್ಕಾಗಿ ಗುಪ್ತಚರ ಸಂಸ್ಥೆಯ ನಿವೃತ್ತ ಮುಖ್ಯಸ್ಥರೊಡನೆ ಊಟಕ್ಕೆ ಕುಳಿತು ಅವರ ನಡೆನುಡಿಯನ್ನು ಅಭ್ಯಸಿಸಿದರು. ಪರದೆಯ ಮೇಲೆ ಅವರು ಮಾಡುವುದು ಅತ್ಯಲ್ಪ. ಎದುರಿಗಿರುವವನು ಮಾತನಾಡುತ್ತಾನೆ, ಇವರು ಕೇಳುತ್ತಾರೆ. ಆದರೂ ನಮ್ಮ ಕಣ್ಣು ಕೇಳುವವನ ಮೇಲೆಯೇ ನೆಲೆಸುತ್ತದೆ. ಈ ಪಾತ್ರಕ್ಕೂ, 1982ರ ‘ಸ್ಮೈಲೀಸ್ ಪೀಪಲ್’ ಸರಣಿಗೂ ಬ್ರಿಟಿಷ್ ಅಕಾಡೆಮಿಯ ಪ್ರಶಸ್ತಿ ಸಂದಿತು. ರಂಗದ ಮೇಲೆ ನಿಮ್ಮ ಸರದಿ ಬರುವ ತನಕ ಜನರತ್ತ ನೋಡುತ್ತಾ ನಿಲ್ಲುವ ತಮ್ಮಂದಿರು ಇದನ್ನು ಗಮನಿಸಬೇಕು.

ನಮ್ಮ ನಾಡಿಗೂ ಅವರು ಬಂದಿದ್ದರು. 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರವು ಬೆಂಗಳೂರಿನಲ್ಲಿಯೂ ಸಾವನದುರ್ಗದ ಬಂಡೆಗಳ ನಡುವೆಯೂ ಚಿತ್ರಿತವಾಯಿತು. ಅದರಲ್ಲಿ ಅವರು ಬ್ರಾಹ್ಮಣ ಪಂಡಿತ ಗೋಡ್ಬೋಲೆ. ಈ ವೇಷ ಅವರಿಗೆ ಒಪ್ಪಲಿಲ್ಲವೆಂದು ವಿಮರ್ಶಕರು ಆಕ್ಷೇಪಿಸಿದರು; ನನಗೂ ಹಾಗೆಯೇ ತೋರುತ್ತದೆ. ಭಾರತೀಯ ನಟರಿಗೇನು ಕೊರತೆಯಿತ್ತೇ?

2000ದ ಆಗಸ್ಟ್ 5ರಂದು ಅವರು ನಿಧನರಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ಪತ್ನಿಯೂ ಹಿಂಬಾಲಿಸಿದರು.

ನಾಟಕದ ಯಾಜಕನ ಪಾತ್ರಕ್ಕೆ ನನ್ನ ಹಳೆಯ ನಿಲುವಂಗಿಯನ್ನು ಕೇಳಿದ್ದೀರಿ. ತೆಗೆದಿರಿಸಿದ್ದೇನೆ. ಕೆಳಗಿನ ಅಂಚು ಬಿಚ್ಚಿಹೋಗಿದೆ, ಯಾರಾದರೂ ಹೊಲಿದುಕೊಳ್ಳಿ.