ಹೊಂಗೆ ಎಣ್ಣೆ, ಸುಣ್ಣ ಮತ್ತು ನಮ್ಮ ಸಂಘದ ದುಡ್ಡು
(ಬೆಳ್ಳಿಹಬ್ಬದ ರೈತಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಂಘದಿಂದಲೇ ಬಯೋಡೀಸೆಲ್ ಘಟಕ ಹಾಕೋಣ ಅಂತ ಕೆಲವು ಸದಸ್ಯರು ಕೇಳಿದ್ದಾರೆ. ನಾವು ಓದಿರೋದು ಎಸ್‌.ಎಸ್‌.ಎಲ್‌.ಸಿ. ಆದರೂ ನಿರ್ದೇಶಕರಾಗಿ ಷೇರುದಾರರ ದುಡ್ಡಿಗೆ ಜವಾಬ್ದಾರರು. ಆದ್ದರಿಂದ ವಿಚಾರಿಸಿ ತಿಳಿದದ್ದನ್ನು ತಮ್ಮ ಮುಂದೆ ಇಡುತ್ತೇವೆ.

ನಮ್ಮ ಅರಕೆರೆ ಸೀಮೆಯಲ್ಲಿ ಹೊಂಗೆ ಹೊಸದಲ್ಲ. ಸೊಪ್ಪು ಗದ್ದೆಗೆ, ಎಣ್ಣೆ ದೀಪಕ್ಕೆ, ಹಿಂಡಿ ಗೊಬ್ಬರಕ್ಕೆ. ಎಣ್ಣೆಯಿಂದ ಇಂಜಿನ್ ಓಡಿಸೋದೂ ಹೊಸದಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಇಂಜಿನ್ನು ಕಡಲೇಕಾಯಿ ಎಣ್ಣೆಯಲ್ಲಿ ಓಡಿತ್ತು. ನಮ್ಮಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಇಂಜಿನ್ ನಡೆಸಿ ಹಳ್ಳಿಗಳಿಗೆ ದಾರಿ ತೋರಿಸಿದರು. ಹಾಸನದ ಬಳಿ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಜೈವಿಕ ಇಂಧನ ಉದ್ಯಾನ ಬೆಳೆಯಿತು.

ನಮ್ಮ ಪೆದ್ದುತನವನ್ನೂ ಹೇಳಿಬಿಡುತ್ತೇವೆ. ಹಿಂದೆ ಒಂದು ಸಲ ಹಳೇ ಪಂಪ್‌ಸೆಟ್ಟಿಗೆ ಸೋಸಿದ ಹೊಂಗೆ ಎಣ್ಣೆಯನ್ನೇ ಸುರಿದೆವು. ಕೆಲವು ದಿನ ಓಡಿತು, ಆಮೇಲೆ ನಾಜಲ್ ಕಟ್ಟಿ ಕೂತಿತು. ಎಣ್ಣೆ ಡೀಸೆಲ್‌ಗಿಂತ ಬಹಳ ಗಟ್ಟಿ, ಸರಿಯಾಗಿ ಸಿಡಿದು ಉರಿಯೋದಿಲ್ಲ, ಮಸಿ ಕಟ್ಟುತ್ತೆ. ಆ ಸಲ ಉಳಿಸಿದ ಡೀಸೆಲ್ ಕಾಸೆಲ್ಲ ಮೆಕ್ಯಾನಿಕ್ ಕೈ ಸೇರಿತು.

ಎಣ್ಣೆ ಅಂದರೆ ಒಂದೇ ನೊಗಕ್ಕೆ ಮೂರು ಎತ್ತು ಕಟ್ಟಿದ ಹಾಗೆ. ನೊಗ ಗ್ಲಿಸರಿನ್, ಎತ್ತುಗಳು ಕೊಬ್ಬಿನ ಆಮ್ಲ. ಮೆಥನಾಲ್ ಬಂದು ಒಂದೊಂದೇ ಎತ್ತನ್ನು ಬಿಚ್ಚಿ ತನಗೆ ಕಟ್ಟಿಕೊಂಡರೆ ಅದೇ ತೆಳುವಾದ ಬಯೋಡೀಸೆಲ್. ಗ್ಲಿಸರಿನ್ ತಳಕ್ಕೆ ಇಳಿಯುತ್ತೆ. ಈ ಕೆಲಸ ಬೇಗ ಆಗಲು ವೇಗವರ್ಧಕ ಬೇಕು. ಅದು ಮದುವೆ ದಳ್ಳಾಳಿ ಇದ್ದ ಹಾಗೆ. ಸಂಬಂಧ ಕೂಡಿಸಿ ತಾನು ಹೊರಗೇ ಉಳಿಯುತ್ತೆ.

ಸಾಮಾನ್ಯವಾಗಿ ಹಾಕೋದು ಕಾಸ್ಟಿಕ್ ಸೋಡ. ಅದು ಕರಗಿ ಬೆರೆತು ಹೋಗುತ್ತೆ, ತೆಗೆಯಲು ನೀರಿನಲ್ಲಿ ತೊಳೀಬೇಕು, ಆ ಕೊಳೆನೀರು ಎಲ್ಲಿಗೆ ಬಿಡೋದು? ನಾಲೆಗಾ? ಹೊಂಗೆ ಎಣ್ಣೆಯಲ್ಲಿ ಬಿಡಿ ಆಮ್ಲ ಹೆಚ್ಚಿದ್ದರೆ ಬಯೋಡೀಸೆಲ್ ಬದಲು ಸಾಬೂನು ಆಗುತ್ತೆ.

ಅದಕ್ಕೇ ವಿಜ್ಞಾನಿಗಳು ಕರಗದ, ಗಟ್ಟಿ ವೇಗವರ್ಧಕ ಹುಡುಕಿದರು. ಸುಲಭದ್ದು ನಮ್ಮ ಸುಣ್ಣವೇ. ಸುಣ್ಣದ ಕಲ್ಲು ಅಥವಾ ಮೊಟ್ಟೆ ಚಿಪ್ಪನ್ನು 800-900 ಡಿಗ್ರಿ ಕಾವಿನಲ್ಲಿ ಸುಟ್ಟರೆ ಸಿಗುವ ಸುಟ್ಟ ಸುಣ್ಣ. ಕೆಲಸ ಮುಗಿದ ಮೇಲೆ ಸೋಸಿ ತೆಗೆದು ಮತ್ತೆ ಬಳಸಬಹುದು, ತೊಳೆಯುವ ನೀರೂ ಕಡಿಮೆ. ಆದರೆ ಗಾಳಿಗಿಟ್ಟರೆ ಸತ್ವ ಹೋಗುತ್ತೆ, ಸ್ವಲ್ಪ ಕರಗಿ ಎಣ್ಣೆಗೂ ಸೇರುತ್ತೆ, ಆಮ್ಲದ ಎಣ್ಣೆಗೆ ಇದರಿಂದಲೂ ಸಾಬೂನೇ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ಆಮ್ಲದ ಎಣ್ಣೆಯನ್ನೂ ತಡೆಯುವ ಕಬ್ಬಿಣ-ಸತುವಿನ ವೇಗವರ್ಧಕ ಮಾಡಿದ್ದಾರೆ. ಫ್ರಾನ್ಸಿನ ಸೇತ್ ಪಟ್ಟಣದಲ್ಲಿ 2006ರಲ್ಲಿ ಗಟ್ಟಿ ವೇಗವರ್ಧಕದ ದೊಡ್ಡ ಕಾರ್ಖಾನೆಯೇ ಶುರುವಾಯಿತು. ಆದರೆ ಇವಕ್ಕೆ ಹೆಚ್ಚು ಕಾವು, ಹೆಚ್ಚು ಒತ್ತಡ ಬೇಕು. ಗೋದಾಮಿನ ಹಿಂದೆ ಡ್ರಮ್ಮಿಟ್ಟು ಮಾಡೋ ಕೆಲಸ ಅಲ್ಲ.

ಇನ್ನೊಂದು ಮಾತು, ವಿಶೇಷವಾಗಿ ಹುಡುಗರಿಗೆ. ಮೆಥನಾಲ್ ವಿಷ. ಕುಡಿದರೆ ಕಣ್ಣು ಹೋಗುತ್ತೆ, ಪ್ರಾಣವೂ ಹೋಗುತ್ತೆ. ಅದರ ಆವಿಗೆ ಕಿಡಿ ತಗುಲಿದರೆ ಬೆಂಕಿ. ಯಾರೂ ಮನೇಲಿ ಪ್ರಯೋಗ ಮಾಡಬೇಡಿ.

ಹಾಗಾದರೆ ಕೈಕಟ್ಟಿ ಕೂರೋಣವೆ? ಬೇಡ. ನಾಲ್ಕು ಕೆ.ಜಿ. ಹೊಂಗೆ ಬೀಜ ಗಾಣಕ್ಕೆ ಹಾಕಿದರೆ ಸುಮಾರು ಒಂದು ಕೆ.ಜಿ. ಎಣ್ಣೆ, ಮೂರು ಕೆ.ಜಿ. ಹಿಂಡಿ. ನಮಗೆ ಮೊದಲ ಲಾಭ ಈ ಹಿಂಡಿಯಲ್ಲೇ ಇದೆ. ಆದ್ದರಿಂದ ನಮ್ಮ ಸಲಹೆ ಇಷ್ಟು: ಬದುವಿನ ಹೊಂಗೆ ಕಡಿಯಬೇಡಿ. ಉದುರಿದ ಕಾಯಿ ಆಯ್ದು ಒಣಗಿಸಿ ಸಂಘಕ್ಕೆ ತನ್ನಿ. ಹೆಣ್ಣುಮಕ್ಕಳಿಗೆ ನಾಲ್ಕು ಕಾಸಾಗುತ್ತೆ. ಮೊದಲು ಒಂದು ವರ್ಷ ಎಷ್ಟು ಬೀಜ ಬರುತ್ತೆ ಅಂತ ಲೆಕ್ಕ ಬರೆಯೋಣ. ಬೀಜ ಸಾಕಷ್ಟಿದ್ದರೆ ಗಾಣ, ಆಮೇಲೆ ಎಣ್ಣೆಯ ಆಮ್ಲ ಪರೀಕ್ಷೆ, ಕೊನೆಗೆ ಘಟಕದ ಮಾತು. ಬೀಜವೇ ಇಲ್ಲದೆ ಯಂತ್ರ ತಂದರೆ ತೊಟ್ಟಿಲು ಕಟ್ಟಿ ಮಗುವಿಗೆ ಕಾದ ಹಾಗೆ.

ಇಪ್ಪತ್ತೈದು ವರ್ಷ ಒಂದೊಂದು ರೂಪಾಯಿ ಕೂಡಿಸಿ ಕಟ್ಟಿದ ಸಂಘ ಇದು. ಅವಸರಕ್ಕೆ ಕಳೆಯುವುದು ಬೇಡ, ಹೆದರಿ ಕೂರುವುದೂ ಬೇಡ. ತಪ್ಪಿದ್ದರೆ ಹಿರಿಯರು ತಿದ್ದಬೇಕು.