ಜಪವೂ ಮನುವೂ

(ಹಾಸನೂರಿನಲ್ಲಿ ಸೇರಿದ್ದ ತೋಟದ ಕೆಲಸಗಾರರ ಕುಟುಂಬ ಕೂಟದಲ್ಲಿ ಉಪದೇಶಿಯೊಬ್ಬರು ಮಾಡಿದ ಭಾಷಣ)



ವಿಶ್ವಾಸ ಮತ್ತು ಪ್ರಾರ್ಥನೆಯ ಬಲದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಗುರುಗಳು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಎಸ್.ಎಸ್.ಎಲ್.ಸಿ. ತನಕ ಓದಿದವನು. ದೇವಶಾಸ್ತ್ರ ಕಲಿತವನಲ್ಲ. ಭಾನುವಾರ ಮಕ್ಕಳಿಗೆ ಜಪ ಕಲಿಸುತ್ತೇನೆ, ಉಳಿದ ದಿನ ಸಂಘದ ಕಾಗದ ಹಿಡಿದು ಓಡಾಡುತ್ತೇನೆ. ಆದ್ದರಿಂದ ಎರಡನ್ನೂ ಬೆರೆಸಿಯೇ ಮಾತಾಡುತ್ತೇನೆ. ತಪ್ಪಿದ್ದರೆ ಗುರುಗಳು ತಿದ್ದಲಿ.

ಎರಡು ವಾರದ ಹಿಂದೆ ಲೈನ್ ಮನೆಗಳ ಕಡೆ ಹೋಗಿದ್ದಾಗ ಒಬ್ಬ ಅಕ್ಕ ನನ್ನನ್ನು ನಿಲ್ಲಿಸಿದರು. ಅವರ ಹೆಸರು ಹೇಳುವುದಿಲ್ಲ, ಇಲ್ಲೇ ಕುಳಿತಿದ್ದಾರೆ. ಅವರು ಅಂದದ್ದು ಇಷ್ಟು: "ಉಪದೇಶಿಯವರೇ, ಇಪ್ಪತ್ತಾರು ವರ್ಷ ಒಂದೇ ತೋಟದಲ್ಲಿ ದುಡಿದೆ. ಬಿಡುವಾಗ ಕೈಗೆ ಬಂದದ್ದು ಒಂದು ಕಂಬಳಿ. ಗ್ರ್ಯಾಚುಟಿ ಕೇಳಿದರೆ ನಿನ್ನ ಹೆಸರೇ ರಿಜಿಸ್ಟರಿನಲ್ಲಿ ಇಲ್ಲ ಅಂದರು. ಒಂದು ವರ್ಷದಿಂದ ದಿನಾ ಜಪಸರ ಹೇಳ್ತಿದ್ದೀನಿ. ಮೊನ್ನೆ ಹೊರಗಿನಿಂದ ಬಂದ ಒಬ್ಬ ಬೋಧಕರು, ನಿನ್ನ ವಿಶ್ವಾಸ ಸಾಲದು, ಅದಕ್ಕೇ ದೇವರು ಕೇಳ್ತಿಲ್ಲ ಅಂದ್ರು. ಹೌದಾ?"

ನನಗೆ ಆಗ ಉತ್ತರ ಹೊಳೆಯಲಿಲ್ಲ. ಕೊಟ್ಟ ಕಾಫಿ ಕುಡಿದು ಎದ್ದು ಬಂದೆ. ದಾರಿಯುದ್ದಕ್ಕೂ ನಾಚಿಕೆಯಾಯಿತು. ಇವತ್ತು ಹೇಳುವುದು ಆ ಅಕ್ಕನಿಗೆ ಕೊಡಬೇಕಾಗಿದ್ದ ಉತ್ತರ. ನೀವೆಲ್ಲ ಜೊತೆಗೆ ಕೇಳಿಸಿಕೊಳ್ಳಿ.

ನಮ್ಮ ಬೆಟ್ಟದಲ್ಲೇ ನಡೆದದ್ದರಿಂದ ಶುರು ಮಾಡುತ್ತೇನೆ. 2000ನೇ ಇಸವಿ ಜುಲೈ 30ರ ರಾತ್ರಿ, ಭೀಮನ ಅಮಾವಾಸ್ಯೆ. ತಾಳವಾಡಿ ಪಕ್ಕದ ದೊಡ್ಡ ಗಾಜನೂರಿನ ಮನೆಯಿಂದ ಡಾಕ್ಟರ್ ರಾಜಕುಮಾರರನ್ನೂ ಇನ್ನೂ ಮೂವರನ್ನೂ ವೀರಪ್ಪನ್ ಕಾಡಿಗೆ ಕರೆದುಕೊಂಡು ಹೋದ. ಆಗ ನಾನು ಇಪ್ಪತ್ತರ ಹುಡುಗ. ಕರ್ನಾಟಕದಲ್ಲಿ ಸಿನಿಮಾ ಥಿಯೇಟರುಗಳು ಮುಚ್ಚಿದವು. ಗುಡಿ, ಮಸೀದಿ, ಚರ್ಚು, ಎಲ್ಲ ಕಡೆ ಪ್ರಾರ್ಥನೆ. ನಮ್ಮ ಮನೆಯಲ್ಲಿ ಅಮ್ಮ ದಿನಾ ಸಂಜೆ ಜಪಸರದ ಕೊನೆಗೆ "ಗಾಜನೂರಿನ ಅಣ್ಣಾವ್ರಿಗೋಸ್ಕರ" ಎಂದು ಒಂದು ಪರಲೋಕ ಜಪ ಸೇರಿಸುತ್ತಿದ್ದಳು. ಪಕ್ಕದ ಮನೆಯವರು ಮಾದಪ್ಪನಿಗೆ ಮುಡಿಪು ಕಟ್ಟಿದ್ದರು. 108 ದಿನ ಕಳೆದು ನವೆಂಬರ್ 15ಕ್ಕೆ ಅವರು ಬಿಡುಗಡೆಯಾಗಿ ಬಂದರು. ಎಪ್ಪತ್ತು ದಾಟಿದ ಮುದುಕರು, ಆ ಮಳೆಗಾಲ ಪೂರ್ತಿ ಕಾಡಿನಲ್ಲಿ ಕಳೆದು ಜೀವಂತ ಬಂದದ್ದು ದೇವರ ಕೃಪೆ ಎಂದು ಅಮ್ಮ ಕಣ್ಣೀರು ಹಾಕಿದಳು. ನಾನೂ ಹಾಗೇ ನಂಬಿದೆ. ಇವತ್ತಿಗೂ ನಂಬುತ್ತೇನೆ.

ಆದರೆ ಇಲ್ಲಿಗೇ ನಿಲ್ಲಿಸಿದರೆ ನಾನು ನಿಮಗೆ ಅರ್ಧ ಕಥೆ ಹೇಳಿದ ಹಾಗಾಗುತ್ತದೆ. ಬೋಧಕರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ.

ಎರಡು ವರ್ಷದ ಮೇಲೆ, 2002ರ ಆಗಸ್ಟ್ 25ರಂದು, ಕೊಳ್ಳೇಗಾಲದ ಕಡೆಯ ಕಾಮಗೆರೆಯಲ್ಲಿ ಮಾಜಿ ಸಚಿವರಾದ ಎಚ್. ನಾಗಪ್ಪನವರನ್ನು ಅದೇ ವೀರಪ್ಪನ್ ಹಿಡಿದುಕೊಂಡು ಹೋದ. ಅದೇ ಕಾಡು, ಅದೇ ಜನ, ಅದೇ ಪ್ರಾರ್ಥನೆ. ಅವರ ಮನೆಯವರು ಮಾಡಿದ ಹರಕೆಗೆ ಲೆಕ್ಕವುಂಟೆ? ಮೂರೂವರೆ ತಿಂಗಳು ಕಾದರು. ಡಿಸೆಂಬರ್ 8ರಂದು ಸಿಕ್ಕಿದ್ದು ಹೆಣ. ಈಗ ಹೇಳಿ, ರಾಜಕುಮಾರರಿಗಾಗಿ ಬೇಡಿದವರ ವಿಶ್ವಾಸ ಬೆಟ್ಟದಷ್ಟು, ನಾಗಪ್ಪನವರಿಗಾಗಿ ಬೇಡಿದವರದು ಸಾಸಿವೆಗಿಂತ ಚಿಕ್ಕದು ಎನ್ನಲು ಯಾರಿಗೆ ಬಾಯಿ ಬರುತ್ತದೆ? ಆ ಮಾತನ್ನು ಆ ತಾಯಿಯ ಮುಂದೆ ನಿಂತು ಹೇಳಲಾರದವನು ನಮ್ಮ ಅಕ್ಕನ ಮುಂದೆಯೂ ಹೇಳಬಾರದು.

ಇನ್ನೂ ಒಂದು ತೊಡಕು ಇದೆ. ರಾಜಕುಮಾರರ ಬಿಡುಗಡೆಗೆ ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಮೈಸೂರು ಜೈಲಿನಲ್ಲಿದ್ದ 51 ಮಂದಿ ಟಾಡಾ ಕೈದಿಗಳನ್ನು ಬಿಡಬೇಕು ಎಂಬುದೂ ಒಂದು. ಅವರಲ್ಲಿ ಬಹಳ ಮಂದಿ ಕಾಡಂಚಿನ ಬಡವರು, ವರ್ಷಗಟ್ಟಲೆ ವಿಚಾರಣೆ ಮುಗಿಯದೆ ಒಳಗಿದ್ದವರು. ಅವರ ಹೆಂಡಿರು ಮಕ್ಕಳು ಬಾಗಿಲು ತೆರೆಯಲಿ ಎಂದು ಬೇಡುತ್ತಿದ್ದರು. ಸರಕಾರ ಬಿಡಲು ಒಪ್ಪಿತು. ಆಗ ಮೈಸೂರಿನ ಅಬ್ದುಲ್ ಕರೀಂ ಎಂಬ ಹಿರಿಯರು ಸುಪ್ರೀಂ ಕೋರ್ಟಿಗೆ ಹೋದರು. ಅವರ ಮಗ ಶಕೀಲ್ ಅಹಮದ್ ಸಬ್ ಇನ್‌ಸ್ಪೆಕ್ಟರು, 1992ರಲ್ಲಿ ವೀರಪ್ಪನ್ ಗುಂಪಿನ ಕೈಯಲ್ಲಿ ಸತ್ತವರು. ಆ ತಂದೆ ನಮಾಜು ಮಾಡಿ ಬೇಡಿದ್ದು ನ್ಯಾಯ. ನವೆಂಬರ್ 7ರಂದು ನ್ಯಾಯಾಲಯ ಅವರ ಮಾತು ಎತ್ತಿಹಿಡಿಯಿತು, ಕೈದಿಗಳನ್ನು ಬಿಡಲು ಆಗಲಿಲ್ಲ. ಮುಂದಿನ ವರ್ಷ, 2001ರಲ್ಲಿ, ಮೈಸೂರಿನ ಟಾಡಾ ನ್ಯಾಯಾಲಯವೇ ವಿಚಾರಣೆ ಮುಗಿಸಿ ಬಹುಪಾಲು ಜನರನ್ನು ನಿರ್ದೋಷಿಗಳೆಂದು ಬಿಟ್ಟಿತು.

ಒಂದೇ ವಾರದಲ್ಲಿ ಮೂರು ಜಪ, ಮೂರೂ ಒಂದಕ್ಕೊಂದು ಎದುರು. ದೇವರು ಯಾರದನ್ನು ಕೇಳಬೇಕಾಗಿತ್ತು? ನನಗೆ ಉತ್ತರ ಗೊತ್ತಿಲ್ಲ. ಗೊತ್ತಿದೆ ಎನ್ನುವವರನ್ನು ಕಂಡರೆ ನನಗೆ ಸ್ವಲ್ಪ ಭಯ. ಆದರೆ ಒಂದನ್ನು ಗಮನಿಸಿ. ಈ ಮೂರು ಕಡೆಯವರಲ್ಲಿ ಯಾರೂ ಜಪ ಮಾಡಿ ಮನೆಯಲ್ಲೇ ಕೂತಿರಲಿಲ್ಲ. ಚೆನ್ನೈನ ಪತ್ರಕರ್ತ ಗೋಪಾಲ್ ಹಲವು ಸಲ ಕಾಡಿಗೆ ನಡೆದು ಮಾತಾಡಿ ಬಂದರು. ಮಗನನ್ನು ಕಳಕೊಂಡ ಮುದುಕರು ದೆಹಲಿಯ ತನಕ ಅರ್ಜಿ ಹಾಕಿದರು. ಜೈಲಿನ ಹೆಂಗಸರು ವಕೀಲರ ಮನೆ ಬಾಗಿಲು ಕಾದರು.

ಇಲ್ಲಿ ನಾವು "ಮನು" ಎನ್ನುತ್ತೇವೆ, ಗಡಿಯಾಚೆ "ಅರ್ಜಿ" ಎನ್ನುತ್ತಾರೆ. ಸಂತ ಲೂಕರ ಶುಭಸಂದೇಶದ ಹದಿನೆಂಟನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸಾಮತಿ ನಿಮಗೆ ಗೊತ್ತು. ಒಬ್ಬ ವಿಧವೆ, ಒಬ್ಬ ನ್ಯಾಯಾಧಿಪತಿ. ಅವನಿಗೆ ದೇವರ ಭಯವಿಲ್ಲ, ಜನರ ಹಂಗಿಲ್ಲ. ಇವಳ ಕೈಯಲ್ಲಿ ಕಾಸಿಲ್ಲ, ಹಿಂದೆ ಗಂಡು ದಿಕ್ಕಿಲ್ಲ. ಹೋಗುತ್ತಾಳೆ, ಕಳಿಸುತ್ತಾನೆ. ಮತ್ತೆ ಹೋಗುತ್ತಾಳೆ. ಕೊನೆಗೆ ಇವಳ ಕಾಟ ತಾಳಲಾರದೆ ಅವನು ನ್ಯಾಯ ತೀರಿಸುತ್ತಾನೆ. ಈ ಕಥೆಯನ್ನು ಸ್ವಾಮಿ ಯಾತಕ್ಕೆ ಹೇಳಿದರು? ಸೋತು ಬಿಡದೆ ಜಪ ಮಾಡಿ ಎಂದು ಕಲಿಸುವುದಕ್ಕೆ. ನಾನು ಇದನ್ನು ಮಕ್ಕಳಿಗೆ ಎಷ್ಟೋ ವರ್ಷ ಹೇಳಿಕೊಟ್ಟೆ. ಮೊನ್ನೆ ಕಾಫಿ ಕುಡಿದು ಬರುವಾಗಲೇ ಹೊಳೆದದ್ದು: ಜಪ ಎಂದರೆ ಹೇಗಿರಬೇಕು ಎಂದು ತೋರಿಸಲು ಸ್ವಾಮಿ ಮೊಣಕಾಲೂರಿದ ಸನ್ಯಾಸಿಯನ್ನು ಆರಿಸಲಿಲ್ಲ, ಕಚೇರಿಗೆ ಅಲೆದ ಹೆಂಗಸನ್ನು ಆರಿಸಿದರು.

ವಿಶ್ವಾಸ ಸಾಲದು ಎನ್ನುವವರಿಗೆ ಇನ್ನೊಂದು ಮಾತು. ಸ್ವಾಮಿ ತಾನೇ ಗೆತ್ಸೆಮನಿಯಲ್ಲಿ ಪಾತ್ರೆ ದಾಟಿಹೋಗಲಿ ಎಂದು ಬೇಡಿದರು. ಅದೂ ಒಂದು ತೋಟವೇ, ಆಲಿವ್ ತೋಟ. ಪಾತ್ರೆ ದಾಟಿಹೋಗಲಿಲ್ಲ. ಅವರ ವಿಶ್ವಾಸವೂ ಸಾಲದಾಯಿತೇ?

ಈಗ ಹೇಳಲು ಕಷ್ಟವಾದ ಒಂದು ಸಂಗತಿ. ದಯವಿಟ್ಟು ಸಮಾಧಾನದಿಂದ ಕೇಳಿ. 1993ರ ಏಪ್ರಿಲ್ 9ರಂದು ಪಾಲಾರ್ ಹತ್ತಿರ ನೆಲಬಾಂಬು ಸಿಡಿದು 22 ಮಂದಿ ಸತ್ತರು. ಪೊಲೀಸರು, ಅರಣ್ಯದವರು, ನಮ್ಮಂಥವರೇ. ಅವರ ಮಕ್ಕಳು ಇಂದಿಗೂ ಅಪ್ಪನಿಲ್ಲದವರು, ಅವರಿಗೂ ಜಪದಲ್ಲಿ ಜಾಗ ಕೊಡಬೇಕು. ಆ ಮೊಕದ್ದಮೆಯಲ್ಲಿ ನಾಲ್ವರಿಗೆ 2001ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಅವರು ಶಿಕ್ಷೆ ತಪ್ಪಿಸಿ ಎಂದು ಮೇಲಕ್ಕೆ ಹೋದರು. 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಮರಣದಂಡನೆಗೆ ಏರಿಸಿತು. ನಾಲ್ವರಲ್ಲಿ ಮೂವರ ಹೆಸರು ನಮ್ಮ ದೀಕ್ಷಾಸ್ನಾನದ ಪುಸ್ತಕದಲ್ಲಿ ಇರುವಂಥ ಹೆಸರುಗಳು. ಮಾರ್ಟಳ್ಳಿ ಕಡೆಯ ನಂಟಸ್ತಿಕೆ ಇರುವವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ರಾಷ್ಟ್ರಪತಿಯವರಿಗೆ ಕ್ಷಮೆಯ ಅರ್ಜಿ ಹೋಯಿತು. ಒಂಬತ್ತು ವರ್ಷ ಉತ್ತರವಿಲ್ಲ. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವರು ಪ್ರತಿ ಬೆಳಗ್ಗೆ ಎದ್ದದ್ದು ಹೇಗೋ, ಮನೆಯವರು ಮಲಗಿದ್ದು ಹೇಗೋ. 2013ರ ಫೆಬ್ರವರಿಯಲ್ಲಿ ಅರ್ಜಿ ತಳ್ಳಿಹಾಕಿದ ಸುದ್ದಿ ಬಂತು. ಇನ್ನು ಕೆಲವೇ ದಿನ ಎಂದರು. ವಕೀಲರು ಓಡಿದರು, ಸುಪ್ರೀಂ ಕೋರ್ಟು ತಡೆ ಕೊಟ್ಟಿತು. 2014ರ ಜನವರಿ 21ರಂದು ತೀರ್ಪು: ಕ್ಷಮೆಯ ಅರ್ಜಿಯನ್ನು ಇಷ್ಟು ಕಾಲ ಇಟ್ಟುಕೊಂಡು ಮನುಷ್ಯನನ್ನು ಕಾಯಿಸುವುದು ಸರಿಯಲ್ಲ, ಆದ್ದರಿಂದ ಗಲ್ಲು ರದ್ದು, ಜೀವಾವಧಿ. ಈ ನಾಲ್ವರ ಜೊತೆ ಬೇರೆ ಬೇರೆ ರಾಜ್ಯಗಳ ಹನ್ನೊಂದು ಮಂದಿಗೂ ಜೀವ ಉಳಿಯಿತು. ತೀರ್ಪು ಕೊಟ್ಟ ಪೀಠದಲ್ಲಿ ಮುಖ್ಯ ನ್ಯಾಯಮೂರ್ತಿಗಳಾಗಿ ಕೂತಿದ್ದವರು ಪಿ. ಸದಾಶಿವಂ, ನಮ್ಮ ಈರೋಡು ಜಿಲ್ಲೆಯ ಭವಾನಿ ಕಡೆಯ ರೈತ ಮನೆತನದವರು. ನಾಲ್ವರಲ್ಲಿ ಒಬ್ಬರು ಕ್ಯಾನ್ಸರ್ ರೋಗಿಯಾಗಿ 2022ರ ಡಿಸೆಂಬರಿನಲ್ಲಿ ಜಾಮೀನಿನ ಮೇಲೆ ಮನೆಗೆ ಬಂದರು, ಸುಮಾರು 29 ವರ್ಷದ ಮೇಲೆ.

ಜಪವೇ ನೇಣಿನ ಹಗ್ಗ ಬಿಚ್ಚಿತು ಎಂದು ನಾನು ಹೇಳುವುದಿಲ್ಲ. ತಪ್ಪು ಮಾಡಿದವರೋ ಇಲ್ಲವೋ ಎಂದೂ ತೀರ್ಪು ಹೇಳುವವನು ನಾನಲ್ಲ. ಆದರೆ ಒಂಬತ್ತು ವರ್ಷ ಉತ್ತರವೇ ಬಾರದ ಒಂದು ಕಾಗದವನ್ನು ಮನೆಯವರೂ ವಕೀಲರೂ ಕೈಬಿಡಲಿಲ್ಲ. ಉತ್ತರ ಬಾರದೆ ಹೋದ ಆ ತಡವೇ ಕೊನೆಗೆ ಜೀವ ಉಳಿಸಿದ ಕಾರಣವಾಯಿತು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ ಎನ್ನುತ್ತದೆ.

ಅದೇ ಕಾಲದಲ್ಲಿ ಪೊಲೀಸು ಕಾರ್ಯಾಚರಣೆಯಲ್ಲಿ ನೋವುಂಡ ಹಳ್ಳಿಗರ ವಿಷಯವೂ ಹಾಗೇ. 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ಮಾಡಿತು. ಓದು ಬರಹ ಬಾರದ ಹೆಂಗಸರು ಎದುರು ಕೂತು, ನಾಚಿಕೆ ನುಂಗಿ, ನಡೆದದ್ದು ಹೇಳಿದರು. 2007ರಲ್ಲಿ 89 ಮಂದಿಗೆ 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಆಯೋಗ ಹೇಳಿತು. ಸಾಲದು, ನಿಜ. ಹೇಳಿಕೆ ಕೊಟ್ಟವರೆಲ್ಲರಿಗೂ ಸಿಗಲಿಲ್ಲ. ಹೇಳದೆ ಇದ್ದಿದ್ದರೆ ಅದೂ ಇಲ್ಲ.

ನಮ್ಮ ಮನೆಯ ಒಂದು ಮಾತು ಹೇಳಿ ಅಕ್ಕನ ವಿಷಯಕ್ಕೆ ಬರುತ್ತೇನೆ. ಅಪ್ಪ ನೆರಳು ಮರ ಕಸಿ ಮಾಡಲು ಸಿಲ್ವರ್ ಓಕ್ ಹತ್ತಿ ಬಿದ್ದು ಸತ್ತರು. ತೋಟದ ಹೆಸರು ಬೇಡ. ಅಮ್ಮ ಪರಿಹಾರಕ್ಕೆ ಅಲೆದಳು. ಹೋಗುವ ದಿನ ಕತ್ತಲಲ್ಲೇ ಎದ್ದು, ಮೂರು ಮಂಗಳವಾರ್ತೆ ಜಪ ಹೇಳಿ, ಕಾಗದದ ಚೀಲ ಕಂಕುಳಲ್ಲಿ ಸಿಕ್ಕಿಸಿಕೊಂಡು ನನ್ನನ್ನು ಎಳೆದುಕೊಂಡು ಹೊರಡುತ್ತಿದ್ದಳು. ದಿಂಬಂ ಘಾಟಿಯ 27 ತಿರುವಿನಲ್ಲಿ ನನಗೆ ಪ್ರತಿ ಸಲ ವಾಂತಿ. ಬಣ್ಣಾರಿಯಲ್ಲಿ ಬಸ್ಸು ನಿಂತಾಗ ಬಾಯಿ ತೊಳೆದು ನಿಂಬೆಹಣ್ಣು ಕೈಗೆ ಕೊಡುತ್ತಿದ್ದಳು. ಹನ್ನೊಂದು ಸಲ ಹೋದೆವು. ಸಿಕ್ಕಿದ್ದು ಕೇಳಿದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆ ದುಡ್ಡಿನಲ್ಲೇ ನಾನು ಎಸ್.ಎಸ್.ಎಲ್.ಸಿ. ಮುಗಿಸಿದ್ದು. ಒಂಬತ್ತನೆಯ ಸಲ ವಾಪಸು ಬರುವಾಗ, "ಅಮ್ಮಾ, ದೇವರಿಗೆ ಕಿವಿ ಕೇಳಿಸಲ್ವಾ?" ಎಂದೆ. ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಅವಳು ಅಂದಳು, "ಕೇಳಿಸ್ತದೆ. ಇಲ್ಲದಿದ್ರೆ ಹತ್ತನೇ ಸಲ ಹೋಗೋಕೆ ನಂಗೆ ಎಲ್ಲಿಂದ ಬರ್ತದೆ ಶಕ್ತಿ?"

ಅಕ್ಕಾ, ಈಗ ನಿಮ್ಮ ವಿಷಯ. ನಿಮ್ಮ ವಿಶ್ವಾಸ ಸಾಲದು ಎಂದವರ ಮಾತು ಮರೆತುಬಿಡಿ. ಸಾಲದೆ ಇದ್ದದ್ದು ನಿಮ್ಮ ಕಾಗದ. ಅದಕ್ಕೆ ತಪ್ಪು ನಮ್ಮದು, ಸಂಘದವರದು. ಒಂದು ವರ್ಷ ನೀವು ಒಬ್ಬರೇ ಜಪ ಮಾಡುವ ಹಾಗೆ ಬಿಟ್ಟೆವು.

ಗ್ರ್ಯಾಚುಟಿ ಕಾನೂನು ಬಂದದ್ದು 1972ರಲ್ಲಿ. ಐದು ವರ್ಷ ಬಿಡದೆ ದುಡಿದವರಿಗೆ, ದುಡಿದ ಒಂದೊಂದು ವರ್ಷಕ್ಕೂ 15 ದಿನದ ಕೂಲಿಯ ಲೆಕ್ಕ. ಇಪ್ಪತ್ತಾರು ವರ್ಷಕ್ಕೆ 390 ದಿನದ ಕೂಲಿ. ಅದು ಧರ್ಮವಲ್ಲ, ದಾನವಲ್ಲ, ನಿಮ್ಮದೇ ಕೂಲಿ. ಕೊಡದಿದ್ದರೆ ತೋಟ ಯಾವ ಜಿಲ್ಲೆಯಲ್ಲಿದೆಯೋ ಅಲ್ಲಿಯ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಬೇಕು. ನಿಮ್ಮ ಮನೆ ಗಡಿ ಈಚೆ, ತೋಟ ಗಡಿ ಆಚೆ, ಆದ್ದರಿಂದ ನಾವು ಚಾಮರಾಜನಗರದ ಬಸ್ಸು ಹತ್ತಬೇಕು. ತಡವಾಗಿದೆ, ಆದರೆ ತಡಕ್ಕೆ ಕಾರಣ ಬರೆದು ಕೇಳಿಕೊಳ್ಳಲು ದಾರಿ ಇದೆ.

ರಿಜಿಸ್ಟರಿನಲ್ಲಿ ಹೆಸರಿಲ್ಲ ಅಂದರಲ್ಲ? ಹೋದ ಶನಿವಾರ ಗುರುಗಳ ಅಪ್ಪಣೆ ಪಡೆದು ನಾನು ನಮ್ಮ ದೇವಾಲಯದ ರಿಜಿಸ್ಟರು ತೆಗೆದೆ. ನಿಮ್ಮ ನಾಲ್ಕು ಮಕ್ಕಳ ದೀಕ್ಷಾಸ್ನಾನ ಅಲ್ಲಿ ಬರೆದಿದೆ. ನಾಲ್ಕು ಕಡೆಯೂ ತಂದೆ ತಾಯಿಯ ವಿಳಾಸದಲ್ಲಿ ಅದೇ ತೋಟದ ಹೆಸರು, ಲೈನಿನ ನಂಬರು, ಉದ್ಯೋಗ "ತೋಟದ ಕೂಲಿ". ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಹನ್ನೊಂದು ವರ್ಷ. ಬರೆದವರು ಈಗ ಸ್ವರ್ಗಸ್ಥರಾದ ಹಳೆಯ ಉಪದೇಶಿ, ಅಕ್ಷರ ಮುತ್ತಿನಂತಿದೆ. ಇದೊಂದೇ ಸಾಲುವುದಿಲ್ಲ, ಅಧಿಕಾರಿ ಒಪ್ಪುತ್ತಾರೋ ಇಲ್ಲವೋ ನಾನು ಭರವಸೆ ಕೊಡಲಾರೆ. ಆದರೆ ಬರಿಗೈಯಲ್ಲಿ ಹೋಗುವುದಿಲ್ಲ.

ಆದ್ದರಿಂದ ಇಲ್ಲಿರುವ ಎಲ್ಲರಿಗೂ ಒಂದು ಕೋರಿಕೆ. ಆ ಅಕ್ಕನ ಜೊತೆ ಕಾಫಿ ಕೊಯ್ದವರು, ಕಳೆ ತೆಗೆದವರು ಇಲ್ಲಿ ಏಳೆಂಟು ಮಂದಿ ಇದ್ದೀರಿ, ನನಗೆ ಮುಖ ಕಾಣುತ್ತಿದೆ. ಸಾಕ್ಷಿ ಹೇಳಲು ಇಬ್ಬರಾದರೂ ಬೇಕು. ಒಂದು ದಿನದ ಕೂಲಿ ಹೋಗುತ್ತದೆ, ಮೇಸ್ತ್ರಿಯ ಕಣ್ಣು ಕೆಂಪಾಗುತ್ತದೆ, ಗೊತ್ತು. ಬಸ್ ಚಾರ್ಜು ಸಂಘ ಕೊಡುತ್ತದೆ. ಭಾನುವಾರ ಪೂಜೆ ಮುಗಿದ ಮೇಲೆ ನಾನು ದೇವಾಲಯದ ಜಗಲಿಯಲ್ಲಿ ಕೂತಿರುತ್ತೇನೆ. ಹಳೆಯ ಕೂಲಿ ಚೀಟಿ, ಬೋನಸ್ ಚೀಟಿ, ಪಿ.ಎಫ್. ಕಾಗದ, ತೋಟದ ಆಸ್ಪತ್ರೆಯ ಚೀಟಿ, ಇಲಿ ತಿಂದದ್ದಾದರೂ ಸರಿ, ತನ್ನಿ. ಬುಧವಾರ ಮೊದಲನೆಯ ಬಸ್ಸಿಗೆ ಹೊರಡುತ್ತೇವೆ. ಬಸ್ಸು ಬರುವ ತನಕ ಸ್ಟಾಪಿನಲ್ಲಿ ನಿಂತು ಜಪಸರ ಹೇಳೋಣ. ಅಮ್ಮನಿಗೆ ಈಗ ಕಾಲು ನೋವು, ಬರಲಾಗುವುದಿಲ್ಲ. ನಿಂಬೆಹಣ್ಣು ಕಳಿಸುತ್ತಾಳಂತೆ.