ಬಿಡುವಿಲ್ಲದ ಮನೆಯಲ್ಲಿ ಒಲೆ ಉರಿಯುವ ಬಗೆ



ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು ಮಲೆನಾಡು ಕರಗಿ ಬಯಲುಸೀಮೆ ತೆರೆದುಕೊಳ್ಳುವ ಅಂಚಿನಲ್ಲಿವೆ. ಹಾನಗಲ್ಲಿನ ಕಡೆಗೆ ಭತ್ತದ ಗದ್ದೆ, ಸವಣೂರಿನ ಕಡೆಗೆ ಎರೆಹೊಲ. ಅನ್ನ, ರೊಟ್ಟಿಗಳೆರಡೂ ಇಲ್ಲಿಯ ಮನೆಗಳಿಗೆ ಸ್ವಂತವಾದವು. ಇಂತಹ ಸೀಮೆಯಲ್ಲಿಯೂ ಇಂದು ಮನೆಮನೆಯಲ್ಲಿ ಕೇಳಿಬರುವ ಮಾತೊಂದೇ: “ಅಡುಗೆಗೆ ಹೊತ್ತೆಲ್ಲಿದೆ?”

ಈ ಮಾತು ಸುಳ್ಳಲ್ಲ. ನಾಟಿ, ಕಳೆ, ಹತ್ತಿ ಬಿಡಿಸುವ ದಿನಗಳಲ್ಲಿ ಹೆಣ್ಣುಮಗಳು ಕೋಳಿ ಕೂಗುವ ಮೊದಲೇ ಎದ್ದು, ನೀರು ತಂದು, ದನಗಳ ಕೆಲಸ ಮುಗಿಸಿ, ಕೂಲಿಗೆ ಹೊರಡಬೇಕು. ಮೊದಲ ಬಸ್ಸು ಹಿಡಿಯುವ ವಿದ್ಯಾರ್ಥಿಗೆ ಚಹಾ ಮತ್ತು ಬಿಸ್ಕತ್ತೇ ನಾಷ್ಟಾ. ಸಂಜೆಗೆ ಅಂಗಡಿಯ ಪೊಟ್ಟಣ. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ.

ಆದರೆ ಅಡುಗೆಮನೆಯ ಬದಲಾವಣೆ ಅಡುಗೆಮನೆಯಲ್ಲಿಯೇ ಆರಂಭವಾಗಲಿಲ್ಲ. ಜೋಳ, ನವಣೆ, ಸಾಮೆಗಳಿದ್ದ ಹೊಲಗಳಿಗೆ ಗೋವಿನಜೋಳ ಬಂದಿತು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಬಳಿಕ ಆ ಬೆಳೆಯೂ ಹಬ್ಬಿತು. ಬೆಳೆದ ಗೋವಿನಜೋಳ ಬಹುಪಾಲು ಕೋಳಿಯ ಆಹಾರಕ್ಕೂ ಗಂಜಿಪುಡಿಯ ಕಾರ್ಖಾನೆಗೂ ಹೋಗುತ್ತದೆ. ಬೆಳೆದವನ ಮನೆಗೆ ಅಕ್ಕಿ ಬರುತ್ತದೆ. 2013ರಲ್ಲಿ ಬಂದ ಅನ್ನಭಾಗ್ಯ ಬಡವರ ಹಸಿವನ್ನು ನೀಗಿಸಿತು, ಅದನ್ನು ಹಳಿಯುವುದು ಉಂಡವರ ಮಾತಾಗದು. ಆದರೂ ತಟ್ಟೆ ಬೆಳ್ಳಗಾಯಿತೆಂಬುದು ನಿಜ. ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರಿನ ಅಂಶ ಸುಮಾರು 3 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ. ಕಬ್ಬಿಣದ ಅಂಶವೂ ಜೋಳದಲ್ಲಿ ಹಲವು ಪಟ್ಟು ಹೆಚ್ಚು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆಯಿದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರೂ ಅವರೇ.

ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಐದು ಶತಮಾನಗಳಷ್ಟು ಹಿಂದೆಯೇ ‘ರಾಮಧಾನ್ಯಚರಿತೆ’ಯಲ್ಲಿ ರಾಗಿ ಮತ್ತು ಭತ್ತಗಳ ನಡುವೆ ವ್ಯಾಜ್ಯ ಹೂಡಿಸಿ, ಬಡವರ ಧಾನ್ಯವಾದ ರಾಗಿಯನ್ನು ಗೆಲ್ಲಿಸಿದರು. ಅವರ ತವರುನೆಲದಲ್ಲಿ ಆ ತೀರ್ಪು ಮರೆತಂತಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಪಟ್ಟಣದ ಅಂಗಡಿಗಳಲ್ಲಿ ನವಣೆಗೆ ಬೆಲೆ ಬಂದಿತೇ ಹೊರತು, ಹಳ್ಳಿಯ ಗಡಿಗೆಗೆ ಅದು ಮರಳಿದ್ದು ಕಡಿಮೆ.

ಇನ್ನು ಸಮಯದ ಪ್ರಶ್ನೆ. ಹಳೆಯ ಅಡುಗೆ ಎಲ್ಲವೂ ದೀರ್ಘಕಾಲ ಬೇಡುವಂಥದ್ದೆಂಬ ನಂಬಿಕೆ ಸರಿಯಲ್ಲ. ಉತ್ತರ ಕರ್ನಾಟಕದ ಕಟಕ ರೊಟ್ಟಿ ಬಿಡುವಿಲ್ಲದವರಿಗಾಗಿಯೇ ಹುಟ್ಟಿದಂತಿದೆ: ಒಂದು ದಿನ ಕುಳಿತು ಬಡಿದು ಗರಿಗರಿಯಾಗಿ ಒಣಗಿಸಿದರೆ ವಾರಗಟ್ಟಲೆ ಕೆಡದು. ಶೇಂಗಾ, ಅಗಸಿ, ಗುರೆಳ್ಳಿನ ಹಿಂಡಿಯನ್ನು ಡಬ್ಬಿಯಲ್ಲಿಟ್ಟುಕೊಂಡರೆ, ಅದಕ್ಕೊಂದಿಷ್ಟು ಮೊಸರು, ಈರುಳ್ಳಿ ಸೇರಿದರೆ, ಬುತ್ತಿ ಸಿದ್ಧ. ಮಡಕಿಕಾಳು, ಹೆಸರುಕಾಳನ್ನು ಬೆಳಿಗ್ಗೆ ನೆನೆಸಿ ರಾತ್ರಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುಬೆಳಿಗ್ಗೆ ಮೊಳಕೆ ಮೂಡಿರುತ್ತದೆ. ಒಗ್ಗರಣೆಗೆ ಹತ್ತು ನಿಮಿಷ ಸಾಕು. ಮೇಲೆ ನಿಂಬೆ ಹಿಂಡಬೇಕು. ನಿಂಬೆಯ ಹುಳಿ ಕಾಳಿನ ಕಬ್ಬಿಣವನ್ನು ದೇಹಕ್ಕೆ ಹಿಡಿಸುತ್ತದೆ. ಊಟದ ಜೊತೆಗೇ ಕುಡಿಯುವ ಚಹಾ ಇದಕ್ಕೆ ವಿರುದ್ಧವಾದ ಕೆಲಸ ಮಾಡುತ್ತದೆ.

ಜೋಳದ ನುಚ್ಚಿಗೆ ಒಲೆಯ ಮುಂದೆ ಕಾಯುವ ಅಗತ್ಯವೂ ಇಲ್ಲ. ಚೆನ್ನಾಗಿ ಕುದಿ ಬಂದ ಮೇಲೆ ಮುಚ್ಚಳ ಬಿಗಿದು, ಭತ್ತದ ಹುಲ್ಲು ತುಂಬಿದ ಬುಟ್ಟಿಯಲ್ಲಿ ಪಾತ್ರೆಯನ್ನು ಹೂತು, ಮೇಲೊಂದು ಹಳೆಯ ಕೌದಿ ಹೊದಿಸಿದರೆ ಒಳಗಿನ ಕಾವಿನಲ್ಲಿಯೇ ಅದು ಬೇಯುತ್ತದೆ. ಪಾತ್ರೆ ದಪ್ಪವಿರಬೇಕು, ನಡುವೆ ತೆರೆಯಬಾರದು, ಬೆಚ್ಚಗಿರುವಾಗಲೇ ಉಣ್ಣಬೇಕು. ಗ್ಯಾಸ್ ಆಗಲಿ ಕಟ್ಟಿಗೆಯಾಗಲಿ ಉಳಿಯುತ್ತದೆ. ಕಟ್ಟಿಗೆ ಉಳಿದಲ್ಲಿ ಕಾಡೂ ಅಷ್ಟು ಉಳಿಯುತ್ತದೆ.

ಸೊಪ್ಪಿನ ಮಾತು ಮಾತ್ರ ಸುಲಭವಲ್ಲ. ಹಕ್ಕರಿಕೆ, ರಾಜಗಿರಿ, ಗೋಣಿಸೊಪ್ಪುಗಳು ಬೆಳೆಸದೆ ಬೆಳೆಯುವಂಥವು. ಕಳೆ ಕೀಳಲು ಹೋದವರು ಉಡಿಯಲ್ಲಿ ತುಂಬಿ ತರುತ್ತಿದ್ದರು. ಕಳೆನಾಶಕ ಹೊಡೆದ ಹೊಲದಲ್ಲಿ ಆ ಸೊಪ್ಪು ಕಳೆಯೊಂದಿಗೇ ಸಾಯುತ್ತದೆ. ಉಳಿದದ್ದನ್ನು ಕೊಯ್ದು ತಿನ್ನುವಂತೆಯೂ ಇಲ್ಲ. ಒಂದು ಬದುವನ್ನಾದರೂ ಔಷಧಿ ತಾಗದಂತೆ ಬಿಟ್ಟುಕೊಂಡ ಮನೆಗೆ ಪೇಟೆಯ ತರಕಾರಿಯ ಹಂಗು ಅರ್ಧ ತಪ್ಪುತ್ತದೆ. ಬಚ್ಚಲ ನೀರು ಹರಿಯುವಲ್ಲಿ ಒಂದು ನುಗ್ಗೆ, ಒಂದು ಕರಿಬೇವು ಸಾಕಷ್ಟು.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ, ಬಹುಶಃ ಅದೇ ದೊಡ್ಡದು. ಹೊತ್ತಿಲ್ಲವೆಂಬುದರ ಅರ್ಥ ಅನೇಕ ಮನೆಗಳಲ್ಲಿ ಒಬ್ಬಳಿಗೆ ಹೊತ್ತಿಲ್ಲವೆಂಬುದೇ ಆಗಿದೆ. ಕಟ್ಟೆಯ ಮೇಲೆ ಕುಳಿತವರಿಗೆ ಹೊತ್ತಿದೆ. ರೊಟ್ಟಿ ಬಡಿಯಲು ಕೈಪಳಗಬೇಕು, ಅದು ಒಂದೇ ದಿನಕ್ಕೆ ಬಾರದು. ಆದರೆ ಕಾಳು ನೆನೆಹಾಕುವುದಕ್ಕೆ, ಸೊಪ್ಪು ಸೋಸುವುದಕ್ಕೆ, ಉಂಡ ತಟ್ಟೆ ತೊಳೆಯುವುದಕ್ಕೆ ಯಾವ ವಿದ್ಯೆಯೂ ಬೇಕಿಲ್ಲ. ಕಾಲೇಜಿಗೆ ಹೋಗುವ ಹುಡುಗರು ಇಂದು ರಾತ್ರಿ ಮಲಗುವ ಮುನ್ನ ಒಂದು ಬೊಗಸೆ ಹೆಸರುಕಾಳನ್ನು ನೀರಿಗೆ ಹಾಕಲಿ.